ಕೊಟ್ರಪ್ಪನವರ ಹಣೆಯ ಗೆರೆಗಳು

ಸಂಡೂರು, ಕಡಲು ಉಕ್ಕೇರಿದ ಮೇಲಿನ ನೂರಾ ಹನ್ನೆರಡನೆಯ ವರ್ಷ, ಗಾಳಿತಿಂಗಳ ಮೂವತ್ತನಾಲ್ಕು

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ,

ಕಲ್ಲುಕುಟಿಗ ಓಬಳೇಶನ ನಮಸ್ಕಾರಗಳು. ನಮ್ಮ ತಿಂಗಳುಗಳ ಲೆಕ್ಕ, ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮಿಂದ ಒಂದು ಉಪಕಾರ ಆಗಬೇಕಿದೆ. ಅದಕ್ಕೆ ಮೊದಲು ಈರವ್ವನವರ ವಿಷಯ ಹೇಳಬೇಕು.

ಈರವ್ವನವರಿಗೆ ಮರೆವು. ಗಂಡ ಕೊಟ್ರಪ್ಪ ತೀರಿಕೊಂಡು ಐದು ವರ್ಷವಾದರೂ ದಿನವೂ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದರು. ಮಗಳು ಹುಲಿಗೆಮ್ಮ ನನ್ನ ಹತ್ತಿರ ಬಂದು, "ಅಣ್ಣಾ, ಅಪ್ಪನ ಮುಖ ಕಲ್ಲಾಗ ಕಡದು ಕೊಡು. ಅವ್ವ ಮನಿಯೊಳಗ ಕೂತಾಳು," ಎಂದಳು. ಅವಳು ತಂದ ಚಿತ್ರಗಳೆಲ್ಲ ನಯಗನ್ನಡಿಯವು. ನಯಗನ್ನಡಿ ಎಂದರೆ ಮುಖದ ಸುಕ್ಕು, ಕಲೆಗಳನ್ನು ತಾನೇ ಒರೆಸಿ ಚಿತ್ರ ತೆಗೆಯುವ ಯಂತ್ರ. ನಿಮ್ಮ ಕಾಲದಿಂದಲೇ ಬಂದದ್ದು.

ಹಳೆಯ ಗ್ರೀಕರ ಶಿಲ್ಪಗಳನ್ನು ನೋಡಿ ಕಲಿತವನು ನಾನು. ಆ ಮುಖಗಳಿಗೆ ವಯಸ್ಸೇ ಇಲ್ಲ. ನೇರ ಮೂಗು, ತಿಳಿಯಾದ ಹಣೆ. ಬಳಪದ ಕಲ್ಲಿನಲ್ಲಿ ಹಾಗೆಯೇ ಕಡೆದೆ. ಈರವ್ವ ಸುತ್ತ ಬಂದು ನೋಡಿ, "ಯಾರಪ್ಪಾ ಈ ಹುಡುಗ? ಚೆಂದ ಅದಾನ. ಮದುವಿ ಆಗೇತೇನು?" ಎಂದರು. ಹುಲಿಗೆಮ್ಮ ನಕ್ಕಳು, ಆಮೇಲೆ ಅತ್ತಳು.

ಬೇರೆ ಬಗೆಯಲ್ಲಿ ಮಾಡಿದರೆ ಗುರುತು ಹಿಡಿದಾರೇ ಎಂದು ನನಗೆ ಕುತೂಹಲ ಹತ್ತಿತು. ಹಳೆಯ ಬೈಜಾಂಟಿಯಂ ನಗರದ ಕುಶಲಿಗಳಂತೆ ಹೊಂಬಣ್ಣದ ಗಾಜಿನ ಚೂರುಗಳನ್ನು ಗೋಡೆಯ ಹಸಿ ಗಾರೆಯಲ್ಲಿ ಒಂದೊಂದನ್ನೂ ಒಂದೊಂದು ಓರೆಗೆ ಕೂರಿಸಿದೆ. ನೋಡುವವರು ಹೆಜ್ಜೆ ಸರಿಸಿದರೆ ಗೋಡೆಯೇ ಮಿನುಗುತ್ತದೆ. ನಡುವೆ ಎದುರು ನೋಡುವ ದೊಡ್ಡ ಕಣ್ಣುಗಳ ಕೊಟ್ರಪ್ಪ. ಈರವ್ವ ತಲೆಗೆ ಸೆರಗು ಹೊದ್ದು ಕೈಮುಗಿದರು. "ಯಾವ ದೇವರವ್ವಾ ಇದು?" ಎಂದು ಮಗಳನ್ನು ಕೇಳಿದರು.

ಉಳಿದದ್ದು ರೋಮನ್ನರ ದಾರಿ. ಸತ್ತ ಹಿರಿಯರ ಮೇಣದ ಮುಖಗಳನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದ ಜನ ಅವರು. ಕಲ್ಲಿನಲ್ಲಿಯೂ ಜೋಲುಗಲ್ಲ, ನರಹುಲಿ ಯಾವುದನ್ನೂ ಬಿಡುತ್ತಿರಲಿಲ್ಲ. ಆದರೆ ಕೊಟ್ರಪ್ಪನ ಸುಕ್ಕುಗಳನ್ನು ಎಲ್ಲಿಂದ ತರಲಿ? ಮೂವತ್ತು ವರ್ಷ ಅವರ ಗಡ್ಡ ಹೆರೆದ ಖಾಜಾ ಸಾಹೇಬರ ಮನೆಗೆ ಹೋದೆ. ಅವರು ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸುತ್ತ ಹೇಳಿದರು: "ಎಡಗಲ್ಲ ಒಳಗೆ ಹೋಗಿತ್ತು, ಎರಡು ಹಲ್ಲಿರಲಿಲ್ಲ. ಗದ್ದದ ಕೆಳಗೆ ಒಂದು ಗಾಯ, ಅಲ್ಲಿ ಕತ್ತಿ ತಿರುಗಿಸಬೇಕಿತ್ತು. ಹಣೆಗೆ ನಾಲ್ಕು ಗೆರೆ. ನಾಲ್ಕನೆಯದು ಅರ್ಧಕ್ಕೇ ನಿಂತಿತ್ತು."

ಹಾಗೆಯೇ ಕಡೆದೆ. ಮೂರನೆಯ ಸಲ ಈರವ್ವ ಕಲ್ಲಿನ ಹತ್ತಿರ ಬಂದರು. ಹೆಬ್ಬೆರಳನ್ನು ಹಣೆಯ ಮೇಲೆ ಎಳೆಯುತ್ತ ಬಂದವರು ಆ ಅರ್ಧ ಗೆರೆ ಮುಗಿದಲ್ಲಿ ನಿಂತರು. "ಯಾಕಿಷ್ಟು ತಡ ಮಾಡಿದ್ರಿ?" ಎಂದರು. "ಉಂಡ್ರೋ ಇಲ್ಲೋ?" ಅಂದಿನಿಂದ ಅವರು ಬಾಗಿಲಿಗೆ ಹೋಗಿಲ್ಲ. ಆ ಮುಖದ ಪಕ್ಕದಲ್ಲೇ ಕೂತು ಕಾಳು ಆರಿಸುತ್ತಾರೆ, ಊರ ಸುದ್ದಿ ಹೇಳುತ್ತಾರೆ.

ನಿಮ್ಮ ಕಾಲದಿಂದ ನಮಗೆ ಉಳಿದಿರುವುದೂ ಒರೆಸಿದ ಮುಖಗಳೇ. ನನ್ನ ಬೇಡಿಕೆ ಇಷ್ಟೇ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಬೆಳಕಿನಲ್ಲಿ ಕೂರಿಸಿ, ಏನನ್ನೂ ಅಳಿಸದೆ ಒಂದು ಚಿತ್ರ ತೆಗೆದಿಡಿ. ಅವರು ನಾಚಿ ಮುಖ ತಿರುಗಿಸಿದರೆ ಬಲವಂತ ಮಾಡಬೇಡಿ. ಆ ತಿರುಗಿಸಿದ ಮುಖವೂ ನಮಗೆ ಸಾಕು.