ಮೂರು ದೋಣಿಗೆ ಒಂದೇ ಫ್ಯೂಸು

ವರ್ಕ್‌ಶಾಪು,
ಹದಿನೇಳನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಕ್ಕಾ,

ಹೇಗಿದ್ದೀಯಾ? ಕೆಮ್ಮು ಹೋಯ್ತಾ? ದೊಡ್ಡ ಹಡಗಿನ ಹೊಟ್ಟೆಯೊಳಗೆ ದಿನವಿಡೀ ಬಗ್ಗಿ ವೈರಿಂಗ್ ಮಾಡಿ ಸೊಂಟ ಹಿಡ್ಕೊಂಡಿದೆ ಅಂದಿದ್ದೆ, ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಲಸ ಎಲ್ಲೂ ಓಡಿಹೋಗಲ್ಲ. ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದ್ರೆ ಆರೋಗ್ಯವಾಗಿದ್ದಾಳೆ ಅಂತ ಅಷ್ಟೇ. ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಮೂರು ದಿನ. ತಟ್ಟೆ ತಂದು ಮುಂದೆ ಕುಕ್ಕಿ ಒಳಗೆ ಹೋಗ್ತಾಳೆ. ಅವಳನ್ನ ಅನ್ನೋ ಹಾಗಿಲ್ಲ, ತಪ್ಪು ನನ್ನದೇ. ನಿನಗೆ ಫೋನಿನಲ್ಲಿ ಹೇಳೋಣ ಅಂದ್ರೆ ಅರ್ಧಕ್ಕೇ "ಹೋಗ್ಲಿ ಬಿಡಪ್ಪ" ಅಂತೀಯ, ನಾನೂ ಸಿಕ್ಕಿದ್ದೇ ಸಾಕು ಅಂತ ಬಾಯಿ ಮುಚ್ಕೊಂಡುಬಿಡ್ತೀನಿ. ಅದಕ್ಕೇ ಕಾಗದ ಬರೀತಿದ್ದೀನಿ.

ನೀನು ಆರು ತಿಂಗಳ ಕೆಲಸಕ್ಕೆ ಹೊರಟ ದಿನ ಒಂದೇ ಮಾತು ಹೇಳಿದ್ದೆ, "ಲಿಥಿಯಂ ಬ್ಯಾಟರಿ ಕೆಲಸ ಬಂದ್ರೆ ನಾನು ಬರೋ ತನಕ ಮುಟ್ಟಬೇಡಪ್ಪ." ನೀನು ಅತ್ತ ಹೋಗಿದ್ದೇ ತಡ, ಮೂರು ದೋಣಿ ಬಂದು ನಿಂತವು. ನಿನ್ನ ಸೋದರಮಾವನ ಜನ ದಾಟಿಸೋ ದೋಣಿ, ಕನ್ನಡಕದ ಅಂಗಡಿಯವನದು ಒಂದು, ಈಜು ಕಲಿಸೋ ಮೇಡಮ್ಮಿಂದು ಒಂದು. ಮೂವರದೂ ಇನ್ಶೂರೆನ್ಸ್ ಆ ತಿಂಗಳ ಕೊನೆಗೆ ಮುಗಿಯೋದಿತ್ತು. ಲಿಥಿಯಂ ಬ್ಯಾಟರಿ ಇದ್ರೆ ಲೈಸೆನ್ಸ್ ಇರೋ ಕೈಯೇ ಕೂರಿಸಿರಬೇಕು, ಫೋಟೋ ಬೇಕು, ಸೀಲು ಬೇಕು, ಇಲ್ಲದಿದ್ರೆ ಪಾಲಿಸಿ ಇಲ್ಲ ಅಂತ ಕಂಪನಿಯವರ ಹೊಸ ಕಟ್ಟಳೆ. ಲೈಸೆನ್ಸ್ ನಿನ್ನದು, ನನ್ನದಲ್ಲ. ಬೇರೆ ಕಡೆ ಹೋಗ್ರಪ್ಪ ಅನ್ನಬಹುದಿತ್ತು. ಆದರೆ ನಲವತ್ತು ವರ್ಷ ಈ ದಡದಲ್ಲಿ ದೋಣಿಗಳಿಗೆ ವೈರು ಎಳೆದವನು ನಾನು. "ಇದು ನನಗೆ ಗೊತ್ತಿಲ್ಲ, ನನ್ನ ಮಗಳಿಗೆ ಗೊತ್ತು" ಅನ್ನೋಕೆ ನಾಲಿಗೆ ಹೊರಳಲಿಲ್ಲ. ಜಂಬ ಕಣೇ, ಬೇರೆ ಏನೂ ಅಲ್ಲ.

ನೀನು ಕಲಿಸಿದ್ದನ್ನೆಲ್ಲ ನೆನಪು ಮಾಡಿಕೊಂಡೇ ಮಾಡಿದೆ. ಎಂಜಿನ್ ಬಿಸಿಯಿಂದ ದೂರ ಇಟ್ಟೆ, ಅಲುಗಾಡದ ಹಾಗೆ ಪಟ್ಟಿ ಹಾಕಿ ಬಿಗಿದೆ, ಹೊಂದೋ ಚಾರ್ಜರೇ ಹಾಕಿದೆ. ಸಿಕ್ಕಿಬಿದ್ದಿದ್ದು ಫ್ಯೂಸಿನಲ್ಲಿ. ಬ್ಯಾಟರಿ ಬುಡಕ್ಕೆ ಹಾಕೋ ಆ ದಪ್ಪ ಫ್ಯೂಸು ನಿನ್ನ ಕಪಾಟಿನಲ್ಲಿ ಇದ್ದಿದ್ದು ಒಂದೇ. ತರಿಸೋಕೆ ಮೂರು ವಾರ ಅಂದರು. ನಿನ್ನಪ್ಪ ಬುದ್ಧಿವಂತ ನೋಡು, ಅದನ್ನ ನಿನ್ನ ಮಾವನ ದೋಣಿಗೆ ಹಾಕಿ ಫೋಟೋ ತೆಗೆದ, ಬಿಚ್ಚಿದ, ಕನ್ನಡಕದವನ ದೋಣಿಗೆ ಹಾಕಿ ಫೋಟೋ ತೆಗೆದ, ಮತ್ತೆ ಬಿಚ್ಚಿದ. ಒಂದೇ ಫ್ಯೂಸು ಮೂರು ಫೋಟೋದಲ್ಲಿ ಮದುಮಗನ ಹಾಗೆ ಕೂತಿದೆ. ಕೊನೆಗೆ ಮೇಡಮ್ಮಿನ ದೋಣಿಯಲ್ಲಿ ಉಳೀತು. ಮಿಕ್ಕ ಎರಡಕ್ಕೂ ಹಳೇ ಆಸಿಡ್ ಬ್ಯಾಟರಿಗೆ ಹಾಕ್ತಿದ್ದ ಸಾಮಾನ್ಯ ಫ್ಯೂಸು ಹಾಕಿದೆ. ಹೊಸ ಫ್ಯೂಸು ಬಂದ ಮೇಲೆ ಬದಲಾಯಿಸಿದರಾಯ್ತು ಅಂದುಕೊಂಡೆ. ಬಂತು ಕೂಡ. ಪಾರ್ಸಲ್ ಬಂದು ಹನ್ನೊಂದು ದಿನ ನನ್ನ ಮೇಜಿನ ಕೆಳಗೆ ಬಿದ್ದಿತ್ತು, ನಾನು ಅಂಟು ಪಟ್ಟಿ ಕೂಡ ಕೀಳಲಿಲ್ಲ.

ಇದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿದೆ. ನಿನ್ನ ಡ್ರಾಯರ್ ತೆಗೆದು, ನಿನ್ನ ಸೀಲು ಒತ್ತಿ, ಮೂರು ಫಾರಮ್ಮಿಗೂ ನಿನ್ನ ಸಹಿ ನಾನೇ ಹಾಕಿದೆ. ಮೂರನೇದು ನಿನ್ನದಕ್ಕಿಂತ ಚೆನ್ನಾಗಿ ಬಂತು. ನಾಲ್ಕನೇ ಕ್ಲಾಸಿನಲ್ಲಿ ನೀನು ಮಾರ್ಕ್ಸ್ ಕಾರ್ಡಿಗೆ ನನ್ನ ಸಹಿ ಹಾಕಿದ್ದಾಗ, ನಿನ್ನ ಕೈ ಹಿಡಿದು ಟೀಚರ್ ಹತ್ತಿರ ಎಳ್ಕೊಂಡು ಹೋಗಿ ಎಲ್ಲರ ಮುಂದೆ ಒಪ್ಪಿಸಿದ್ದೆ. ಫಾರಮ್ಮಿನ ಮೇಲೆ ಸಹಿ ಒಣಗೋ ತನಕ ಅದೇ ಕಣ್ಣ ಮುಂದೆ ಬರ್ತಿತ್ತು, ಆದರೂ ಕವರಿಗೆ ಹಾಕಿ ಅಂಟಿಸಿದೆ. ಕೆಲಸ ನಡೆದ ಎರಡು ದಿನ ನಿನ್ನ ಮಾವ ಕಣ್ಣಿನ ಆಸ್ಪತ್ರೆಯಲ್ಲಿದ್ದ. ನೀನೇ ರಜಕ್ಕೆ ಬಂದು ಮಾಡಿ ಹೋದೆ ಅಂತ ಅವನಿಗೂ ಸುಳ್ಳು ಹೇಳಿದೆ. ಪಾಪ, "ನನ್ನನ್ನ ನೋಡದೇ ಹೋದಳಲ್ಲ" ಅಂತ ಒಂದು ವಾರ ಮುನಿಸಿಕೊಂಡಿದ್ದ.

ಹೋದ ಶನಿವಾರ ಬೆಳಿಗ್ಗೆ ಅವನ ದೋಣಿಯಲ್ಲಿ ಹನ್ನೊಂದು ಜನ. ಅರ್ಧ ದಾರಿಗೆ ಹೋದಾಗ ಸೀಟಿನ ಕೆಳಗಿಂದ ಹೊಗೆ ಬಂತಂತೆ. ಕೇಬಲ್ ಕಬ್ಬಿಣದ ತಗಡಿನ ತೂತಿನಲ್ಲಿ ಹಾಯೋ ಕಡೆ ರಬ್ಬರ್ ಬಳೆ ಹಾಕೋದು ಮರೆತಿದ್ದೆ, ಉಜ್ಜಿ ಉಜ್ಜಿ ಶಾರ್ಟ್ ಆಗಿದೆ. ಆಸಿಡ್ ಬ್ಯಾಟರಿ ಆಗಿದ್ರೆ ಆ ಫ್ಯೂಸು ಹೋಗಿ ಅಲ್ಲಿಗೆ ಮುಗೀತಿತ್ತು. ಇದರ ರಭಸಕ್ಕೆ ಫ್ಯೂಸು ಸುಟ್ಟರೂ ಕರೆಂಟು ನಿಲ್ಲಲಿಲ್ಲ, ಸುಟ್ಟ ಜಾಗದಲ್ಲೇ ಕಿಡಿ ಕಾರ್ತಾ ದಾಟಿತು. ಇದನ್ನೇ ನೀನು ನನಗೆ ಎರಡು ಸಲ ಬಿಡಿಸಿ ಹೇಳಿದ್ದೆ, ನಾನು ಹೂಂಗುಟ್ಟಿದ್ದೆ. ನಿನ್ನ ಮಾವ ಹಗ್ಗ ಕಡಿಯೋ ಕೈಗೊಡಲಿಯಿಂದ ಕೇಬಲ್ಲೇ ಕಡಿದ. ಬಲಗೈ ಅಂಗೈ ಸುಟ್ಟಿದೆ, ಬೊಬ್ಬೆ ಎದ್ದಿದೆ, ಬೇರೆ ಏನಿಲ್ಲ, ಗಾಬರಿ ಆಗಬೇಡ. ಜನರನ್ನ ಇನ್ನೊಂದು ದೋಣಿ ಬಂದು ಹತ್ತಿಸಿಕೊಂಡಿತು. ಅವರಲ್ಲಿ ಒಬ್ಬಳು ಆರು ತಿಂಗಳ ಬಸುರಿ ಅಂತ ಆಮೇಲೆ ಗೊತ್ತಾಯ್ತು.

ಸೋಮವಾರ ಕಂಪನಿಯ ಸರ್ವೇಯರ್ ಬಂದ. ಸೀಟಿನ ಕೆಳಗೆ ಕತ್ತಲೆ, "ಸ್ವಲ್ಪ ಟಾರ್ಚ್ ಹಿಡೀರಿ ಯಜಮಾನ್ರೇ" ಅಂದ. ಹಿಡಿದೆ. ಒಂದು ಕೈಯಲ್ಲಿ ಫೋಟೋ, ಇನ್ನೊಂದು ಕೈಯಲ್ಲಿ ಸುಟ್ಟ ಫ್ಯೂಸು ಇಟ್ಕೊಂಡು, ಯಾರು ಕೂರಿಸಿದ್ದು ಅಂತ ಕೇಳಿದ. ನಿನ್ನ ಮಾವ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಎದೆಯುಬ್ಬಿಸಿ, "ನಮ್ಮಕ್ಕನ ಮಗಳು ಸಾರ್, ಅವಳಷ್ಟು ಅಚ್ಚುಕಟ್ಟು ಈ ದಡದಲ್ಲಿ ಯಾರೂ ಇಲ್ಲ" ಅಂದ. ಸರ್ವೇಯರ್ ನಕ್ಕ. "ಫೋಟೋಗೊಂದು, ದೋಣಿಗೊಂದು. ಒಳ್ಳೇ ಅಚ್ಚುಕಟ್ಟು! ಇಂಥವರ ಲೈಸೆನ್ಸ್ ಮೊದಲು ಕಿತ್ಕೋಬೇಕು" ಅಂತ ನಿನ್ನ ಹೆಸರು ಬರ್ಕೊಂಡ. ನಾನು ಟಾರ್ಚ್ ಹಿಡ್ಕೊಂಡೇ ನಿಂತಿದ್ದೆ ಪುಟ್ಟಕ್ಕಾ. ಅವನಿಗೆ ಇನ್ನೂ ಚೆನ್ನಾಗಿ ಕಾಣಲಿ ಅಂತ ಒಂದು ಹೆಜ್ಜೆ ಮುಂದೆ ಕೂಡ ಬಂದೆ. ಬಾಯಿ ಮಾತ್ರ ಬಿಡಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ, "ಅವಳನ್ನ ಅಷ್ಟು ಅಂದಾಗ ನಿಮ್ಮ ಬಾಯಲ್ಲಿ ಏನಿತ್ತು?" ನಾಚಿಕೆಗೆಟ್ಟವನು ನಾನು, ಹಾಗೆ ಬರೆಯದೆ ಬೇರೆ ದಾರಿ ಇಲ್ಲ.

ಮಂಗಳವಾರ ಮಿಕ್ಕ ಎರಡೂ ದೋಣಿಯ ಬ್ಯಾಟರಿ ಇಳಿಸಿ, ಯಾಕೆ ಅಂತ ಅವರಿಬ್ಬರಿಗೂ ಹೇಳಿದೆ. ಕನ್ನಡಕದವನು ಬಾಯಿಗೆ ಬಂದ ಹಾಗೆ ಬೈದ. ಮೇಡಮ್ಮು ಬಯ್ಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ನಿನ್ನ ಮಾವನಿಗೆ ಹೇಳಿದಾಗ ಅವನು ತನ್ನ ಸುಟ್ಟ ಕೈ ನೋಡಿಕೊಂಡ. ನಿನ್ನೆ ಬುಧವಾರ ಕಂಪನಿ ಆಫೀಸಿಗೆ ಹೋಗಿ, ಸಹಿ ನನ್ನದು, ಸೀಲು ಕದ್ದಿದ್ದು ನಾನು, ಮಗಳಿಗೆ ಇದು ಯಾವುದೂ ಗೊತ್ತಿಲ್ಲ ಅಂತ ಬರೆದುಕೊಟ್ಟು ಬಂದೆ. ನಿನಗೆ ಇದನ್ನ ಮೊದಲೇ ಹೇಳಬೇಕಿತ್ತು. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ. ಬಂದ ಮೇಲೆ ಎಷ್ಟು ಬೇಕೋ ಅಷ್ಟು ಬಯ್ಯಿ, ಕೂತು ಕೇಳ್ತೀನಿ. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಕೋ. ನಿನ್ನ ಕೆಲಸಕ್ಕೂ ಹೆಸರಿಗೂ ಕುಂದು ಬರದಿರಲಿ, ಅಷ್ಟೇ ನನ್ನ ಆಶೀರ್ವಾದ.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ, ಕೊರಿಯರ್‌ನವನು ಬಾಗಿಲಲ್ಲಿ ನಿಂತು ಗಡಿಬಿಡಿ ಮಾಡ್ತಿದ್ದಾನೆ: ಕಂಪನಿ ಆಫೀಸಿನ ಮೇಡಮ್ ನಾನು ಬರೆದುಕೊಟ್ಟಿದ್ದನ್ನ ಓದಿ ನಂಬಲಿಲ್ಲ. "ಮಗಳನ್ನ ಉಳಿಸೋಕೆ ಎಷ್ಟೋ ಜನ ಅಪ್ಪಂದಿರು ಹೀಗೆ ಬರೆದುಕೊಡ್ತಾರೆ" ಅಂದರು, ನನಗೆ ಕುರ್ಚಿ ಹಾಕಿ ನೀರು ಬೇರೆ ಕೊಟ್ಟರು. ಸೋಮವಾರ ನಿನಗೆ ಫೋನ್ ಮಾಡಿ ಈ ಸಹಿ ನಿನ್ನದಾ ಅಂತ ಕೇಳ್ತಾರೆ. ನಿನ್ನನ್ನ ನಾನು ಬಲ್ಲೆ. ಅಪ್ಪನಿಗೆ ಈ ವಯಸ್ಸಿನಲ್ಲಿ ಕೋರ್ಟು ಕಚೇರಿ ಯಾಕೆ ಅಂತ "ಹೌದು" ಅಂದುಬಿಡ್ತೀಯ. ಅನ್ನಬೇಡ. "ನನ್ನದಲ್ಲ, ನಮ್ಮಪ್ಪ ಹಾಕಿದ್ದು" ಅನ್ನು.