ದುಬೈಗೆಂದು ಬರೆದ ಯಂತ್ರ

17 ನವೆಂಬರ್ 2008, ಸೋಮವಾರ

ಕೀಬೋರ್ಡ್ ಒರೆಸಿದೆ. ಅದಿರಿನ ಧೂಳಿಗೆ ಬಟ್ಟೆ ಕೆಂಪಾಯಿತು. ಚಹಾ. ಮೇಲ್ ನೋಡಿದೆ — ಏನೂ ಇಲ್ಲ. ಚೀನಾದವರು ಅದಿರು ಕೊಳ್ಳುವುದನ್ನು ನಿಲ್ಲಿಸಿದಾಗಿನಿಂದ ಸಂಡೂರಿನ ಗುಡ್ಡಗಳಲ್ಲಿ ನಮ್ಮ ಬಂಡೆ ಕೊರೆಯುವ ಡ್ರಿಲ್‌ಗಳು ಸುಮ್ಮನೆ ನಿಂತಿವೆ. ಬಾಡಿಗೆಗೆ ಕೇಳುವವರಿಲ್ಲ.

ಓನರ್ ವ್ಯಾಸರಾಜ ಸರ್ ಕರೆದರು. ದೊಡ್ಡ ಡ್ರಿಲ್ ಮಾರಿದ್ದಾರಂತೆ. ದುಬೈ ಪಾರ್ಟಿ. "ಪೇಪರ್ಸ್ ಜಲ್ದಿ ಮಾಡ್ರಿ, ಮಾಧವಿ."

ಅಮೆರಿಕದ ಯಂತ್ರ. ನಾವು ಡೀಲರು. ಬೇರೆ ದೇಶಕ್ಕೆ ಮಾರಿದರೆ ಕೊನೆಗೆ ಎಲ್ಲಿ, ಯಾರು ಬಳಸುತ್ತಾರೆ ಎಂದು ತಯಾರಕರಿಗೆ ಬರೆದುಕೊಡಬೇಕು. ಇರಾನ್‌ಗಂತೂ ಹೋಗಲೇಬಾರದು. ಅಲ್ಲಿಗೆ ಅಮೆರಿಕದ ನಿಷೇಧ ಇದೆ.

"ಎಲ್ಲಿ ಬಳಸ್ತಾರ್ರಿ ಸರ್?"

"ದುಬೈ ಅಂದ್ನಲ್ರಿ. ಕಲ್ಲು ಕ್ವಾರಿ ಅಂತ ಹಾಕ್ರಿ."

ಹಾಕಿದೆ. ಎಕ್ಸ್‌ಪೋರ್ಟ್ ಆಫೀಸರ್ ಎಂದಿರುವಲ್ಲಿ ನನ್ನ ಸಹಿ. ಊಟಕ್ಕೆ ಚಿತ್ರಾನ್ನ.

9 ಡಿಸೆಂಬರ್

ಜಡೆಪ್ಪ ದುಬೈಗೆ ಹೊರಟ. ನಮ್ಮ ಮೆಕ್ಯಾನಿಕ್, ಬಂಡ್ರಿಯವನು. ಯಂತ್ರ ಜೋಡಿಸಿ, ಅಲ್ಲಿಯವರಿಗೆ ನಡೆಸುವುದು ಕಲಿಸಿ ಬರಬೇಕು. ಮೊದಲ ವಿಮಾನ.

"ಉಪ್ಪಿನಕಾಯಿ ಬಿಡ್ತಾರೇನ್ರೀ ಮೇಡಂ?"

"ಗಟ್ಟಿ ಪ್ಯಾಕ್ ಮಾಡಿ ಒಯ್ಯಿ."

ಹೆಂಡತಿ ತಾಯಕ್ಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆದೆ. ಬರಲಿಲ್ಲ.

14 ಜನವರಿ 2009

ಸಂಕ್ರಾಂತಿ. ರಜೆ. ಮಧ್ಯಾಹ್ನ ಮೊಬೈಲ್‌ಗೆ ಜಡೆಪ್ಪನ ಫೋನ್.

"ಮೇಡಂ, ಇದು ದುಬೈ ಅಲ್ರೀ."

"ಮತ್ತೆ?"

"ಯಂತ್ರದ ಜೋಡಿ ನನ್ನೂ ಹಡಗಿನ್ಯಾಗ ಹಾಕ್ಕೊಂಡು ಬಂದಾರ. ಇರಾನ್ ಅಂತಾರ. ಇಲ್ಲಿ ಮಂದಿ ಭಾಳ ಚೊಲೋ ಅದಾರ. ಆದ್ರ ಪಾಸ್‌ಪೋರ್ಟ್ ಆ ದುಬೈ ಸಾವ್ಕಾರ ಇಟ್ಕೊಂಡಾನ. ಕೆಲಸ ಮುಗಿಯೂಮಟ ಕೊಡಾಂಗಿಲ್ಲ ಅಂತಾನ. ಯಾವಾಗ ಮುಗೀತೈತಿ ಅಂದ್ರ..."

ಕಟ್ಟಾಯಿತು. ಕೈಯಲ್ಲಿ ಎಳ್ಳುಬೆಲ್ಲದ ಬಟ್ಟಲಿತ್ತು. ತಿಂದೆ.

15 ಜನವರಿ

ಸರ್‌ಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು. ಆಶ್ಚರ್ಯಪಡಲಿಲ್ಲ.

"ಅವ ದುಬೈದಾಗ ಅದಾನ. ನೀವೇ ಬರ್ದೀರಿ."

"ಫೋನ್ ಮಾಡಿದ್ದ, ಸರ್."

"ಇರಾನ್ ಅಂತ ಬಾಯಿ ಬಿಟ್ರ ಡೀಲರ್‌ಶಿಪ್ ಹೋತು. ವರ್ಕ್‌ಶಾಪಿನ ಮಂದಿ ಎಲ್ಲಾ ಮನೀಗೆ. ಬರ್ತಾನ ತಗೋರಿ. ಸ್ವಲ್ಪ ತಡೀರಿ."

ತಡೆದೆ.

23 ಫೆಬ್ರವರಿ

ತಾಯಕ್ಕ ಬಂದಿದ್ದಳು. ಈ ಸಲ ಒಳಗೆ ಬಂದು ಕೂತಳು.

"ನನ್ ಗಂಡ ಎಲ್ಲೆದಾನ್ರೀ ಅಕ್ಕಾರ?"

"ದುಬೈ."

"ನಮ್ಮೂರ ಹುಡುಗ ಒಬ್ಬಾವ ಅಲ್ಲೇ ಅದಾನ್ರೀ. ನೀವು ಕೊಟ್ಟ ವಿಳಾಸಕ್ಕ ಹೋಗಿದ್ದ. ಬಾಗಲಾ ಕೀಲಿ ಹಾಕೇತಂತ."

ನೀರು ಕೊಟ್ಟೆ. ಕುಡಿಯಲಿಲ್ಲ. ಹೇಳಿಬಿಟ್ಟೆ. ಆ ದೇಶದ ಹೆಸರು ಅವಳು ಕೇಳಿರಲಿಲ್ಲ.

"ದೂರಾ ಏನ್ರೀ?"

"ದೂರ."

ಅಳಲಿಲ್ಲ. ನಾನೂ.

2 ಮಾರ್ಚ್

ಇರಾನಿನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಫೋನ್ ಮಾಡಿದೆ. ಎತ್ತಿದವರು ಹಿಂದಿಯವರು, ಸಮಾಧಾನದಿಂದ ಕೇಳಿದರು. ಕಂಪನಿ ಈ ಯಂತ್ರದ ಕೆಲಸಕ್ಕೇ ಅವನನ್ನು ಕಳಿಸಿದ್ದು ಎಂದು ಬರೆದುಕೊಟ್ಟರೆ ಪಾಸ್‌ಪೋರ್ಟ್ ಬಿಡಿಸಬಹುದಂತೆ. ಸರ್ ಆಗುವುದಿಲ್ಲ ಎಂದರು.

ನಾನೇ ಬರೆದೆ. ಫ್ಯಾಕ್ಸ್ ಮಾಡಿದೆ. ಅಮೆರಿಕದ ತಯಾರಕರಿಗೂ ಒಂದು ಪ್ರತಿ — ಅವರಿಗೆ ದುಬೈ ಎಂದು ಸಹಿ ಮಾಡಿಕೊಟ್ಟವಳು ನಾನೇ ಅಲ್ಲವೇ. ಆಮೇಲೆ ಸರ್‌ಗೆ ತಿಳಿಸಿದೆ. ನನ್ನ ಕಡೆ ನೋಡದೆ, "ನಾಳೆಯಿಂದ ಬರೂದು ಬ್ಯಾಡ್ರಿ" ಎಂದರು. ಟಿಫಿನ್ ಡಬ್ಬಿ ತೆಗೆದುಕೊಂಡು ಬಂದೆ.

30 ಮಾರ್ಚ್

ಡೀಲರ್‌ಶಿಪ್ ರದ್ದು. ವರ್ಕ್‌ಶಾಪಿನ ಶಟರ್ ಎಳೆದಿದೆ. ಸ್ಟೇಷನ್ ರೋಡಿನಲ್ಲಿ ವೆಲ್ಡರ್ ಮರುಳಸಿದ್ದಪ್ಪ ಎದುರಾದ.

"ಒಬ್ಬಾವನ್ನ ಕರ್ಸಾಕ ನಮ್ಮನ್ನೆಲ್ಲಾ ಮನೀಗೆ ಕಳಿಸಿದ್ರಿ, ಮೇಡಂ."

"ಹೌದು" ಎಂದೆ.

ಸಂಜೆ ಅಮೆರಿಕದ ಕಂಪನಿಯ ವಕೀಲರ ಫೋನ್. ದನಿ ಮೆತ್ತಗೆ. ಆ ಯಂತ್ರಕ್ಕೆ ಬಿಡಿಭಾಗ ಕಳಿಸಬಾರದು. ರಿಪೇರಿ ಹೇಳಿಕೊಡಬಾರದು. ಫೋನಿನಲ್ಲೂ. ಸಲಹೆಯೂ ರಫ್ತೇ ಅಂತೆ. ನಾನಾಗಲಿ ಜಡೆಪ್ಪನಾಗಲಿ ಮೀರಿದರೆ ಕೇಸು. ಒಪ್ಪಿದೆ.

11 ಏಪ್ರಿಲ್

ಜಡೆಪ್ಪ ಬಂದ! ಸ್ಟೇಷನ್ನಿನಿಂದ ಸೀದಾ ನಮ್ಮ ಮನೆಗೆ. ಸೊರಗಿದ್ದಾನೆ. ಅಮ್ಮ ಉಪ್ಪಿಟ್ಟು ಕೊಟ್ಟಳು. ಎರಡು ತುತ್ತು ತಿಂದು ತಟ್ಟೆ ಇಟ್ಟ.

"ಡ್ರಿಲ್ಲಿನ ಕಂಬ ಎತ್ತೂ ಜಾಕ್ ಎಣ್ಣಿ ಸೋರಾಕ ಹತ್ತೇತ್ರಿ. ಕಂಬದ ಬುಡಕ ನಿಂದ್ರಬ್ಯಾಡ್ರಿ ಅಂತ ಅವ್ರಿಗೆ ಹೇಳೂದರಾಗ ನನ್ನ ಕಳಿಸಿಬಿಟ್ರು. ರೆಜಾ ಅಂತ ಒಬ್ಬಾವ ಅದಾನ್ರಿ, ನನ್ ಜೋಡಿ ಒಂದ ತಾಟಿನ್ಯಾಗ ಉಣ್ತಿದ್ದ. ಅಲ್ಲೇ ಬುಡಕ ಕುಂತು ಗ್ರೀಸ್ ಹಚ್ತಾನ. ನಂಬರ್ ಐತಿ. ಫೋನ್ ಹಚ್ಲೇನ್ರೀ?"

ವಕೀಲರು ಹೇಳಿದ್ದನ್ನು ತಿಳಿಸಿದೆ.

"ಕಂಬ ಬೀಳ್ತೈತಿ ಅನ್ನೂದೂ ರಿಪೇರಿ ಏನ್ರೀ?"

"ಗೊತ್ತಿಲ್ಲ. ಕೇಳ್ತೀನಿ. ಪರ್ಮಿಷನ್ ಬರ್ಲಿ, ತಡಿ."

"ನೀವು ಅಂದಂಗ, ಮೇಡಂ."

ವಕೀಲರಿಗೆ ಮೇಲ್ ಮಾಡಿದೆ.

15 ಏಪ್ರಿಲ್

ಉತ್ತರ: ಪರಿಶೀಲನೆಯಲ್ಲಿದೆ.

20 ಏಪ್ರಿಲ್

ಅದೇ. ಜಡೆಪ್ಪ ಎರಡು ಸಲ ಫೋನ್ ಮಾಡಿದ್ದ. ಎರಡನೆಯದನ್ನು ಎತ್ತಲಿಲ್ಲ.

26 ಏಪ್ರಿಲ್, ಭಾನುವಾರ

ನಿನ್ನೆ ಅನುಮತಿ ಬಂತು. ಅಪಾಯದ ಎಚ್ಚರಿಕೆಯಷ್ಟೇ, ಒಂದೇ ಕರೆ. ಬೆಳಿಗ್ಗೆ ಬಂಡ್ರಿ ಬಸ್ಸು ಹಿಡಿದೆ. ತಾಯಕ್ಕ ಮಜ್ಜಿಗೆ ತಂದಳು. ಜಡೆಪ್ಪನಿಗೆ ನನ್ನ ಮೊಬೈಲ್ ಕೊಟ್ಟೆ. "ಹಚ್ಚು."

ಹಚ್ಚಿದ. ಆ ಕಡೆ ಯಾರೋ ಎತ್ತಿದರು. "ರೆಜಾ? ರೆಜಾ?" ಎಂದ. ಅಲ್ಲಿ ಕಲಿತ ನಾಲ್ಕು ಮಾತಿನಲ್ಲಿ ಏನೋ ಕೇಳಿದ. ಆಮೇಲೆ ಬರೀ ಕೇಳಿಸಿಕೊಂಡ. ಕಟ್ಟೆಯ ಮೇಲೆ ಕುಳಿತ. ಫೋನ್ ತಿರುಗಿ ನನ್ನ ಕೈಗಿಟ್ಟ.

"ಗುರುವಾರ ಬಿದ್ದೈತಂತ್ರಿ."

"ರೆಜಾ?"

ಉಳಿಯಲಿಲ್ಲ ಎಂಬಂತೆ ತಲೆಯಾಡಿಸಿದ. ತಾಯಕ್ಕ ಒಳಗೆ ಹೋದಳು. ಅವನು ನನ್ನನ್ನು ಬೈಯಲಿಲ್ಲ. ಬಸ್ಸಿನವರೆಗೂ ಬಂದು, ಕಿಟಕಿ ಸೀಟು ಹಿಡಿದುಕೊಟ್ಟ.

ಅಮೆರಿಕಕ್ಕೆ ವರದಿ ಕಳಿಸಬೇಕು. ಷರತ್ತು ಅದು. ಕರೆ ಮಾಡಿದ ದಿನಾಂಕ — ಹಾಕಿದೆ. ಹೇಳಿದ ವಿಷಯ — ಹಾಕಿದೆ. ಎಚ್ಚರಿಕೆ ಪಡೆದವರ ಹೆಸರು —