ಬಾಗಿಲ ಕಡೆ ಮುಖ ಮಾಡಿದ ಚೀಟಿಗಳು

ಕಾರ್ಖಾನೆಗಳ ಸುರಕ್ಷತೆಯನ್ನು ದೂರದಿಂದಲೇ ಕಾಯುವ ಮಾನ್ಯ ಮುಖ್ಯ ಪರಿವೀಕ್ಷಕರೇ,

ನನ್ನ ಅಣ್ಣನ ಮುಖ ಬೆಂದದ್ದಕ್ಕೆ ಕಾರಣ ‘ಕಾರ್ಮಿಕನ ಅಜಾಗರೂಕತೆ, ಡ್ರಮ್ಮಿನ ಚೀಟಿ ಓದಿಲ್ಲ’ ಎಂದು ತಾವು ಬರೆದ ವರದಿ ಕೈಸೇರಿತು. ಅಕ್ಷರ ದುಂಡಗಿದೆ, ಮೊಹರು ನೆಟ್ಟಗಿದೆ, ಮಾತೊಂದೇ ಸೊಟ್ಟಗಿದೆ. ಅಣ್ಣನಿಗೆ ಓದಿ ಹೇಳಿದೆ. ಇನ್ನು ಮೇಲೆ ಅವನಿಗೆ ಎಲ್ಲವನ್ನೂ ಯಾರಾದರೂ ಓದಿಯೇ ಹೇಳಬೇಕು.

ಲೋಹದ ಸಾಮಾನಿಗೆ ಮೆರುಗು ಹಾಕುವ ನಮ್ಮ ಶೆಡ್ಡಿನಲ್ಲಿ ಡ್ರಮ್ಮುಗಳಿಗೆ ಹೆಸರಿದ್ದವು. ಮೈಮೇಲೆ ಕೆಂಪು ಪೇಂಟು ಚೆಲ್ಲಿಕೊಂಡಿದ್ದ ಆಸಿಡ್ ಡ್ರಮ್ಮು ‘ಕೆಂಪಿ’. ಬೆನ್ನು ಉಬ್ಬಿದ್ದ ಕಾಸ್ಟಿಕ್ ಸೋಡಾದ ಡ್ರಮ್ಮು ‘ಗೂನ’. “ಕೆಂಪಿ ಹತ್ರ ಹುಷಾರಪ್ಪ, ಮುತ್ತು ಕೊಟ್ಲು ಅಂದ್ರೆ ತುಟೀನೇ ಇರಲ್ಲ” ಎಂದು ಅಣ್ಣ ಹೊಸಬರಿಗೆ ಪಾಠ ಹೇಳುತ್ತಿದ್ದ. ಒಂಬತ್ತು ವರ್ಷ ಯಾರ ಬೆರಳೂ ಸುಟ್ಟಿರಲಿಲ್ಲ.

ಆಮೇಲೆ ತಾವು ದಯಮಾಡಿಸಿದಿರಿ. ಮೂಗಿಗೆ ಕರವಸ್ತ್ರ, ಹೊಸ್ತಿಲ ಮೇಲೆ ಬೂಟು, ಎರಡೇ ನಿಮಿಷ. ಅದು ಪರಿವೀಕ್ಷಣೆಯೋ, ಪರಾರಿವೀಕ್ಷಣೆಯೋ? ‘ಡ್ರಮ್ಮುಗಳು ಅಶಿಸ್ತಿನಿಂದ ಕೂಡಿವೆ. ಏಕರೂಪದ ಬಿಳಿ ಡ್ರಮ್ಮು ತರಿಸಿ ಚೀಟಿ ಅಂಟಿಸತಕ್ಕದ್ದು’ ಎಂದು ನೋಟಿಸು ಬಂತು. ಕೆಂಪಿ, ಗೂನ ಇಬ್ಬರೂ ಗುಜರಿ ಸೇರಿದರು. ಎಂಟು ಬಿಳಿ ಡ್ರಮ್ಮು ಬಾಗಿಲಿಗೂ, ಸಾಮಾನು ಅದ್ದಿ ತೊಳೆಯುವ ತೊಟ್ಟಿಗೂ ನಡುವೆ ಸಾಲಾಗಿ ನಿಂತವು. ಚೀಟಿ ಅಂಟಿಸಿದವನು ಉಗ್ರಾಣದ ಗುಮಾಸ್ತ, ಅಂದರೆ ನಾನು.

“ಬಾಗಿಲ ಕಡೆ ಮುಖ ಮಾಡಿ ಅಂಟ್ಸಯ್ಯ,” ಎಂದರು ಮಾಲೀಕರು. “ಸಾಹೇಬ್ರು ಒಳಗೆ ಕಾಲಿಡಲ್ಲ.”

“ಒಳಗಿರೋರಿಗೆ?”

“ಅವರಿಗೆ ಗೊತ್ತಿರುತ್ತೆ ಬಿಡು.”

ಬಿಟ್ಟೆ. ತಾವು ಮತ್ತೆ ಬಂದಿರಿ, ಹೊಸ್ತಿಲಿಂದಲೇ ಎಂಟೂ ಚೀಟಿ ಓದಿದಿರಿ, ‘ತೃಪ್ತಿಕರ’ ಎಂದು ಬರೆದಿರಿ. ತಮ್ಮ ಕಣ್ಣಿಗೆ ಸಾಲು ನೇರವಾಗಿರಲೆಂದು ಅಂದು ಬೆಳಿಗ್ಗೆ ಡ್ರಮ್ಮುಗಳನ್ನು ಸರಿಸಿದ್ದರು. ಎರಡರ ಜಾಗ ಅದಲುಬದಲಾಗಿತ್ತು.

ತಮ್ಮ ಕಾರು ಇನ್ನೂ ತಿರುವು ದಾಟಿರಲಿಲ್ಲ. ತೊಟ್ಟಿಯ ಬಳಿಯಿದ್ದ ಅಣ್ಣ ತಿರುಗಿದಾಗ ಅವನಿಗೆ ಕಂಡದ್ದು ಎಂಟು ಬೋಳು ಬೆನ್ನು. ಗೂನನ ಜಾಗದಲ್ಲಿದ್ದ ಡ್ರಮ್ಮಿನಿಂದ ಬಕೆಟ್ ತುಂಬಿಸಿ, ಕುದಿಯುತ್ತಿದ್ದ ಕಾಸ್ಟಿಕ್ ತೊಟ್ಟಿಗೆ ಸುರಿದ. ಅದು ಆಸಿಡ್. ತೊಟ್ಟಿ ಬುಸ್ಸೆಂದು ಎದ್ದು ಅವನ ಮುಖಕ್ಕೇ ಹೊಡೆಯಿತು. ಕಿರುಚಲು ಬಾಯಿ ತೆರೆದ. ನೊರೆ ಬಾಯೊಳಗೂ ನುಗ್ಗಿತು. ನಾನು ಅಂಗಿ ಎಳೆದೆ. ಅಂಗಿಯ ಜೊತೆ ಕತ್ತಿನ ಚರ್ಮವೂ ಸುಲಿದು ಕೈಗೆ ಬಂತು. ಕಣ್ಣುಜ್ಜಬೇಡ ಎಂದು ಅವನ ಕೈಗಳ ಮೇಲೆ ಮಂಡಿಯೂರಿ ಕೂತೆ. ತೊಳೆಯಲು ನೀರಿನ ನಲ್ಲಿ ಅಂಗಳದಾಚೆ, ಎಪ್ಪತ್ತು ಹೆಜ್ಜೆ. ನಲ್ಲಿಯ ವಿಷಯಕ್ಕೆ ತಮ್ಮ ನೋಟಿಸಿನಲ್ಲಿ ಒಂದಕ್ಷರವಿಲ್ಲ. ಬಣ್ಣದ ವಿಷಯಕ್ಕೆ ಪೂರ್ತಿ ಒಂದು ಪುಟ.

ಮೊನ್ನೆ ಬ್ಯಾಂಡೇಜಿನೊಳಗಿಂದ ಅಣ್ಣ ಕೇಳಿದ: “ಚೀಟೀಲಿ ಅಕ್ಷರ ದಪ್ಪಕ್ಕೆ ಬರ್ದಿದ್ದೆ ತಾನೇ?”

“ಹೂಂ ಕಣಣ್ಣ.”

“ಹಂಗಾದ್ರೆ ತಪ್ಪು ನಂದೇ ಬಿಡು.”

ಎತ್ತ ಮುಖ ಮಾಡಿ ಅಂಟಿಸಿದೆ ಎಂದು ಅವನಿಗೆ ನಾನಿನ್ನೂ ಹೇಳಿಲ್ಲ. ಹೇಗೂ ಈ ಪತ್ರವನ್ನು ಅವನು ಓದಲಾರ.

ನನ್ನ ಬೇಡಿಕೆ ಇಷ್ಟೇ. ಹೊಸ್ತಿಲು ದಾಟಿ ಬನ್ನಿ. ಅಣ್ಣ ನಿಂತಿದ್ದ ಜಾಗದಲ್ಲಿ, ತೊಟ್ಟಿ ಕುದಿಯುತ್ತಿರುವಾಗಲೇ ನಿಂತು, ಒಂದು ಚೀಟಿ, ಒಂದೇ ಒಂದು, ಗಟ್ಟಿಯಾಗಿ ಓದಿ. ಆಗದಿದ್ದರೆ ವರದಿಯಲ್ಲಿ ‘ಕಾರ್ಮಿಕನ’ ಎಂಬುದನ್ನು ಹೊಡೆದುಹಾಕಿ, ಅಲ್ಲಿ ಮಾಲೀಕರ ಹೆಸರು, ತಮ್ಮ ಹೆಸರು, ಕೊನೆಗೆ ನನ್ನ ಹೆಸರು ಬರೆಯಿರಿ. ಅದನ್ನು ಅಣ್ಣನಿಗೆ ನಾನೇ ಓದಿ ಹೇಳುತ್ತೇನೆ. ಮೂರನೆಯ ಹೆಸರು ಬಂದಾಗ ನಿಲ್ಲಿಸುವುದಿಲ್ಲ.

ಇಂತಿ,
ಅಚ್ಚುಕಟ್ಟಾಗಿ ಚೀಟಿ ಅಂಟಿಸಿದ ತಮ್ಮ